ಡಿಕ್ಕಿಗೆ ಮೊದಲಿನ ಲೆಕ್ಕ: ನ್ಯೂಕ್ಲಿಯಸ್ಸಿನೊಳಗೆ ಪಾರ್ಟಾನ್‌ಗಳ ಹಂಚಿಕೆ, ಒಂದು ಚರಿತ್ರೆ

ಭಾರಿ ನ್ಯೂಕ್ಲಿಯಸ್‌ಗಳ ಡಿಕ್ಕಿಯ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಒಂದೇ ಕತೆ ಹೇಳುತ್ತವೆ. ಬೆಳಕಿನ ವೇಗದ ಹತ್ತಿರಕ್ಕೆ ಬಂದ ಎರಡು ಸೀಸದ ನ್ಯೂಕ್ಲಿಯಸ್‌ಗಳು ಬಡಿದುಕೊಳ್ಳುತ್ತವೆ, ಪ್ರೋಟಾನು ನ್ಯೂಟ್ರಾನುಗಳು ಕರಗುತ್ತವೆ, ವಿಶ್ವದ ಆರಂಭದ ಕ್ಷಣಗಳಲ್ಲಿದ್ದಂಥ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ ಹುಟ್ಟುತ್ತದೆ. ಕತೆ ಸುಳ್ಳಲ್ಲ. ಆದರೆ ಆ ಪ್ಲಾಸ್ಮಾ ಏನು ಮಾಡಿತು ಎಂದು ಹೇಳಬೇಕಾದರೆ, ಬಡಿಯುವ ಮೊದಲು ನ್ಯೂಕ್ಲಿಯಸ್ಸಿನೊಳಗೆ ಏನಿತ್ತು, ಎಷ್ಟಿತ್ತು ಎಂಬುದು ಗೊತ್ತಿರಬೇಕು. ಈ ಲೆಕ್ಕದಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲವೆಂದು ಭೌತವಿಜ್ಞಾನಿಗಳು 1983ರವರೆಗೆ ನಂಬಿದ್ದರು. ಆ ನಂಬಿಕೆ ಮುರಿದ ಬಗೆ ಇಲ್ಲಿಯ ವಿಷಯ. ನೋಡಹೊರಟರೆ ಕೋಲಾರದ ಗಣಿ, ಬೆಂಗಳೂರಿನ ಒಂದು ಕಾರ್ಖಾನೆ ಎರಡೂ ಈ ಚರಿತ್ರೆಯ ದಾರಿಯಲ್ಲೇ ಸಿಗುತ್ತವೆ.

ಪ್ರೋಟಾನಿನೊಳಗೆ ಚಿಕ್ಕ ಚಿಕ್ಕ ಕಣಗಳಿವೆ ಎಂಬುದಕ್ಕೆ ಮೊದಲ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 1968-69ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ವೇಗವರ್ಧಕದಲ್ಲಿ. ಆ ಪ್ರಯೋಗಗಳಿಗಾಗಿ ಫ್ರೀಡ್‌ಮನ್, ಕೆಂಡಾಲ್, ಟೇಲರ್ ಅವರಿಗೆ 1990ರ ನೊಬೆಲ್ ಬಂತು. ಒಳಗಿನ ಕಣಗಳಿಗೆ ಪಾರ್ಟಾನ್ ಎಂದು ಹೆಸರಿಟ್ಟವರು ಫೈನ್‌ಮನ್. ಇಂದು ನಾವು ಕ್ವಾರ್ಕ್, ಗ್ಲುವಾನ್ ಎನ್ನುವುದು ಇವನ್ನೇ. ಪ್ರೋಟಾನಿನ ಒಟ್ಟು ಸಂವೇಗದಲ್ಲಿ ಒಂದು ಪಾರ್ಟಾನ್ ಹೊತ್ತಿರುವ ಪಾಲಿಗೆ ‘ಎಕ್ಸ್’ ಎನ್ನುತ್ತಾರೆ. ಇಂಥ ಎಕ್ಸ್ ಪಾಲು ಹೊತ್ತ ಪಾರ್ಟಾನ್ ಸಿಗುವ ಸಂಭವ ಎಷ್ಟು ಎಂದು ಹೇಳುವುದೇ ಪಾರ್ಟಾನ್ ಹಂಚಿಕೆ.

ಕಬ್ಬಿಣದ ನ್ಯೂಕ್ಲಿಯಸ್ಸಿನಲ್ಲಿ 56 ಪ್ರೋಟಾನು-ನ್ಯೂಟ್ರಾನುಗಳಿವೆ. ಅವುಗಳನ್ನು ಕಟ್ಟಿಹಾಕಿರುವ ಶಕ್ತಿ ಕಣವೊಂದಕ್ಕೆ ಸುಮಾರು 8.8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಪ್ರಯೋಗದಲ್ಲಿ ಅದನ್ನು ಬಡಿಯುವ, ಎಲೆಕ್ಟ್ರಾನಿನ ಭಾರವಾದ ಬಂಧುವಾದ ಮ್ಯುವಾನಿನ ಶಕ್ತಿ ಅದರ ಸಾವಿರಾರು ಪಟ್ಟು. ಹಾಗಾಗಿ ಕಬ್ಬಿಣವನ್ನು 56 ಬಿಡಿ ಕಣಗಳ ಗುಂಪೆಂದೇ ಎಣಿಸಿದರೆ ಸಾಕು, ದೊಡ್ಡ ಎಕ್ಸ್‌ನಲ್ಲಿ ಮಾತ್ರ ಕಣಗಳ ಒಳ ಓಡಾಟಕ್ಕೆ ಒಂದಿಷ್ಟು ತಿದ್ದುಪಡಿ ಹಾಕಿದರಾಯಿತು ಎಂಬುದು ಅಂದಿನ ಗಣಿತ. ಯುರೋಪಿನ ಸರ್ನ್ ಪ್ರಯೋಗಾಲಯದ ಯುರೋಪಿಯನ್ ಮ್ಯುವಾನ್ ಕೊಲಾಬೊರೇಶನ್ ತಂಡ ಕಬ್ಬಿಣವನ್ನು ಗುರಿಯಾಗಿಟ್ಟದ್ದೂ ನ್ಯೂಕ್ಲಿಯಸ್ಸಿನ ಕುತೂಹಲದಿಂದಲ್ಲ. ಮ್ಯುವಾನ್ ದೂಲ ತೆಳು. ದಟ್ಟ ಗುರಿ ಇಟ್ಟರೆ ಹೆಚ್ಚು ಘಟನೆಗಳು ಸಿಗುತ್ತವೆ, ಅಷ್ಟೇ. ಆದರೆ 1983ರಲ್ಲಿ ಕಬ್ಬಿಣದ ಫಲಿತಾಂಶವನ್ನು, ಒಂದು ಪ್ರೋಟಾನು ಒಂದು ನ್ಯೂಟ್ರಾನಷ್ಟೇ ಇರುವ ಡ್ಯೂಟೀರಿಯಂನದರ ಪಕ್ಕದಲ್ಲಿಟ್ಟಾಗ ಎರಡೂ ತಾಳೆಯಾಗಲಿಲ್ಲ. ಎಕ್ಸ್ 0.6ರ ಆಸುಪಾಸಿನಲ್ಲಿ ಕಬ್ಬಿಣದ ಕ್ವಾರ್ಕ್‌ಗಳು ಶೇ 10ಕ್ಕೂ ಹೆಚ್ಚು ಕೊರತೆ ಬಿದ್ದಿದ್ದವು.

ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ರುಚಿಸುವುದು ಇದರ ಮುಂದಿನ ಘಟ್ಟ. ಸ್ಲ್ಯಾಕ್‌ನಲ್ಲಿ 1970ರ ದಶಕದ ಆರಂಭದಲ್ಲಿ ದ್ರವ ಹೈಡ್ರೋಜನ್ ಮತ್ತು ಡ್ಯೂಟೀರಿಯಂ ತುಂಬಿದ ಲೋಹದ ಪಾತ್ರೆಗಳಿಗೆ ಎಲೆಕ್ಟ್ರಾನ್ ಹಾಯಿಸುತ್ತಿದ್ದರು. ಪಾತ್ರೆಯ ಗೋಡೆಯಿಂದ ಬರುವ ಚದುರುವಿಕೆಯನ್ನು ಕಳೆಯಲು ಖಾಲಿ ಪಾತ್ರೆಗೂ ಹಾಯಿಸಿ, ಆ ಅಂಕಿಗಳನ್ನು ಬದಿಗಿಟ್ಟಿದ್ದರು. ಗೋಡೆ ಒಂದು ಪ್ರಯೋಗದಲ್ಲಿ ಉಕ್ಕು, ಇನ್ನೊಂದರಲ್ಲಿ ಅಲ್ಯೂಮಿನಿಯಂ. ಸರ್ನ್‌ನ ಸುದ್ದಿ ಬಂದ ಮೇಲೆ ಏರಿ ಬೊಡೆಕ್ ಮತ್ತು ಸಂಗಡಿಗರು ಆ ಹಳೆಯ ‘ಖಾಲಿ’ ಅಂಕಿಗಳನ್ನು ಹೊರತೆಗೆದು ನೋಡಿದರು. ಅಲ್ಲೂ ಅದೇ ಕೊರತೆ. ಕಳೆದು ಎಸೆಯಲೆಂದೇ ಅಳೆದ ದತ್ತಾಂಶದಲ್ಲಿ ಆವಿಷ್ಕಾರವೊಂದು ಹತ್ತು ವರ್ಷಕ್ಕೂ ಮೀರಿ ಸುಮ್ಮನೆ ಕುಳಿತಿತ್ತು. ಮುಂದೆ ಸ್ಲ್ಯಾಕ್‌ನ ಇ139 ಪ್ರಯೋಗ ಹೀಲಿಯಂನಿಂದ ಚಿನ್ನದವರೆಗೆ ಅಳೆದು, ನ್ಯೂಕ್ಲಿಯಸ್ ಭಾರಿಯಾದಷ್ಟೂ ಕೊರತೆ ಹೆಚ್ಚುವುದನ್ನು ತೋರಿಸಿತು. ಇದಕ್ಕೆ ಕಾರಣವೇನೆಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಪ್ರೋಟಾನು ನ್ಯೂಟ್ರಾನುಗಳನ್ನು ಬೆಸೆಯುವ ಪೈಆನ್ ಕಣಗಳು ನ್ಯೂಕ್ಲಿಯಸ್ಸಿನಲ್ಲಿ ಹೆಚ್ಚಿರುವುದೇ ಕಾರಣವೆಂಬ ಜನಪ್ರಿಯ ವಾದವನ್ನು ಮಾತ್ರ 1990ರಲ್ಲಿ ಫರ್ಮಿಲ್ಯಾಬ್‌ನ ಇ772 ಪ್ರಯೋಗ ಬಹುಮಟ್ಟಿಗೆ ಮುಗಿಸಿತು. ವಾದ ನಿಜವಾಗಿದ್ದರೆ ಪ್ರತಿಕ್ವಾರ್ಕ್‌ಗಳು ಹೆಚ್ಚಬೇಕಿತ್ತು, ಹೆಚ್ಚಿರಲಿಲ್ಲ.

ಈ ಶೋಧಕ್ಕೆ ಆಯುಧವಾದ ಮ್ಯುವಾನಿನ ಜೊತೆ ಕರ್ನಾಟಕದ ನಂಟು ಹಳೆಯದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಕೋಲಾರದ ಚಿನ್ನದ ಗಣಿಗೆ ಇಳಿದು, ಆಳಕ್ಕೆ ಹೋದಂತೆ ವಿಶ್ವಕಿರಣದ ಮ್ಯುವಾನ್‌ಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯತೊಡಗಿದರು. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿಟ್ಟ ಉಪಕರಣಕ್ಕೆ ಎರಡು ತಿಂಗಳಾದರೂ ಒಂದು ಮ್ಯುವಾನೂ ಸಿಗಲಿಲ್ಲ. ಬಂಡೆಯನ್ನು ಸಲೀಸಾಗಿ ದಾಟುವ ನ್ಯೂಟ್ರಿನೋ ಹುಡುಕಲು ಇದೇ ತಕ್ಕ ಜಾಗ ಎಂಬ ಯೋಚನೆಗೆ ಅದು ದಾರಿ ಮಾಡಿತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ವಾಯುಮಂಡಲದ ನ್ಯೂಟ್ರಿನೋ ಪತ್ತೆಯಾಯಿತು. ನಮ್ಮ ವಿಷಯಕ್ಕೆ ಹತ್ತಿರದ್ದು ಇನ್ನೊಂದು ಸಂಗತಿ. ಅತಿ ಶಕ್ತಿಯ ಮ್ಯುವಾನ್ ಬಂಡೆಯಲ್ಲಿ ಶಕ್ತಿ ಕಳೆದುಕೊಳ್ಳುವ ದಾರಿಗಳಲ್ಲಿ, ಬಂಡೆಯ ನ್ಯೂಕ್ಲಿಯಸ್‌ಗಳಿಗೆ ಫೋಟಾನಿನ ಮೂಲಕ ತಾಗುವುದೂ ಒಂದು. ಆ ಲೆಕ್ಕದಲ್ಲಿ ‘ನೆರಳು’ ಎಂಬ ನ್ಯೂಕ್ಲಿಯರ್ ಪರಿಣಾಮವನ್ನು ಸೇರಿಸಲೇಬೇಕು.

ನೆರಳೆಂದರೇನು? ಮಲೆನಾಡಿನ ಬಣಕಲ್ ಸುತ್ತಿನ ಕಾಫಿ ತೋಟಗಳಲ್ಲಿ ಮೇಲಿನ ಮರಗಳು ಬಿಸಿಲನ್ನು ತಾವೇ ಹಿಡಿದು ಕೆಳಗಿನ ಗಿಡಕ್ಕೆ ಅಷ್ಟೋ ಇಷ್ಟೋ ಬಿಡುತ್ತವಲ್ಲ, ಹಾಗೆ ನ್ಯೂಕ್ಲಿಯಸ್ಸಿನ ಮುಂದಿನ ಪ್ರೋಟಾನುಗಳು ಹಿಂದಿನವಕ್ಕೆ ಮರೆಯಾಗುತ್ತವೆ. ಹೋಲಿಕೆ ಅರ್ಧ ದೂರ ಮಾತ್ರ ಬರುತ್ತದೆ, ಏಕೆಂದರೆ ಈ ನೆರಳು ಎಲ್ಲ ಎಕ್ಸ್‌ಗಳಲ್ಲೂ ಬೀಳುವುದಿಲ್ಲ. ಫೋಟಾನ್ ನ್ಯೂಕ್ಲಿಯಸ್ಸನ್ನು ಮುಟ್ಟುವ ಮೊದಲೇ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿಯಾಗಿ ಒಡೆದು, ಒಂದಷ್ಟು ದೂರ ಹಾಗೇ ಸಾಗುತ್ತದೆ. ಎಕ್ಸ್ ನೂರರಲ್ಲಿ ಒಂದಾದರೆ ಆ ದೂರ ಸುಮಾರು 10 ಫೆಮ್ಟೊಮೀಟರ್. ಸೀಸದ ನ್ಯೂಕ್ಲಿಯಸ್ಸಿನ ತ್ರಿಜ್ಯ ಸುಮಾರು 7. ಅಂದರೆ ಜೋಡಿಯು ಹಲವು ಪ್ರೋಟಾನುಗಳನ್ನು ಒಟ್ಟಿಗೇ ಕಾಣುತ್ತದೆ, ಆಗಲೇ ನೆರಳು ಬೀಳುವುದು. ಎಕ್ಸ್ ದೊಡ್ಡದಾದರೆ ದೂರ ಕುಗ್ಗಿ ನೆರಳು ಮಾಯ. ಇದನ್ನೇ ವೇಗವಾಗಿ ಓಡುವ ನ್ಯೂಕ್ಲಿಯಸ್ಸಿನ ಕಡೆಯಿಂದ ನೋಡಿದರೆ, ಕಿಕ್ಕಿರಿದ ಗ್ಲುವಾನ್‌ಗಳು ಒಂದರೊಳಗೊಂದು ಸೇರಿ ಸಂಖ್ಯೆ ಇಳಿಯುತ್ತದೆ. ಮುಲ್ಲರ್ ಮತ್ತು ಚ್ಯೂ 1986ರಲ್ಲಿ ಹಾಕಿದ ಲೆಕ್ಕ ಅದು. ಎಕ್ಸ್ 0.1ರಿಂದ 0.3ರ ನಡುವೆ ಪಾರ್ಟಾನ್‌ಗಳಲ್ಲಿ ತುಸು ಹೆಚ್ಚಳವೂ ಇದೆ.

ಅದೇ 1986ರಲ್ಲಿ ಮಾತ್ಸುಯಿ ಮತ್ತು ಸಾಟ್ಜ್, ಪ್ಲಾಸ್ಮಾ ಹುಟ್ಟಿದರೆ ಜೆ-ಸೈ ಎಂಬ ಕಣ ಕಡಿಮೆಯಾಗಬೇಕು ಎಂದರು. ಸರ್ನ್‌ನ ಪ್ರಯೋಗಗಳಲ್ಲಿ ಕಡಿಮೆಯಾಯಿತು ಕೂಡ. ಆದರೆ ಪ್ಲಾಸ್ಮಾ ಹುಟ್ಟುವ ನಿರೀಕ್ಷೆಯೇ ಇಲ್ಲದ ಪ್ರೋಟಾನ್-ನ್ಯೂಕ್ಲಿಯಸ್ ಡಿಕ್ಕಿಯಲ್ಲೂ ಅದು ಕಡಿಮೆಯಾಗುತ್ತಿತ್ತು. ಗ್ಲುವಾನ್‌ಗಳೇ ಮೊದಲಿಗೆ ಕಡಿಮೆ ಇದ್ದರೆ ಜೆ-ಸೈ ಹುಟ್ಟುವುದೂ ಕಡಿಮೆ. ಆ ಇಳಿತವನ್ನು ಪ್ಲಾಸ್ಮಾದ ಲೆಕ್ಕಕ್ಕೆ ಬರೆಯುವಂತಿಲ್ಲ. ನನ್ನ ದೃಷ್ಟಿಯಲ್ಲಿ ಪಾರ್ಟಾನ್ ಹಂಚಿಕೆಯ ತಿದ್ದುಪಡಿ ಭಾರಿ ಅಯಾನುಗಳ ಭೌತವಿಜ್ಞಾನಕ್ಕೆ ಅನಿವಾರ್ಯವಾದದ್ದು ಇಲ್ಲಿಂದ. ಅಮೆರಿಕದ ರಿಕ್ ವೇಗವರ್ಧಕದಲ್ಲಿ 2003ರಲ್ಲಿ ಡ್ಯೂಟೀರಿಯಂನ ನ್ಯೂಕ್ಲಿಯಸ್ಸಾದ ಡ್ಯೂಟೆರಾನನ್ನು ಚಿನ್ನಕ್ಕೆ ಬಡಿಸಿದ್ದು ಇಂಥದೇ ತಪಾಸಣೆಗೆ. ಚಿನ್ನ-ಚಿನ್ನದ ಡಿಕ್ಕಿಯಲ್ಲಿ ಕುಗ್ಗಿದ್ದ, ದೂಲಕ್ಕೆ ಅಡ್ಡ ದಿಕ್ಕಿನಲ್ಲಿ ಹೆಚ್ಚು ಸಂವೇಗ ಹೊತ್ತ ಕಣಗಳು ಇಲ್ಲಿ ಕುಗ್ಗಲಿಲ್ಲ. ಹಾಗಾಗಿ ಆ ಕುಗ್ಗುವಿಕೆ ಡಿಕ್ಕಿಯ ನಂತರದ್ದೇ ಎಂದು ಖಚಿತವಾಯಿತು. ಇತ್ತ 1998ರಲ್ಲಿ ಎಸ್ಕೋಲಾ ಮತ್ತು ಸಂಗಡಿಗರು ಸಿದ್ಧಪಡಿಸಿದ ಹಂಚಿಕೆಯ ಕೋಷ್ಟಕ ಇಪಿಎಸ್09, ಇಪಿಪಿಎಸ್16, ಇಪಿಪಿಎಸ್21 ಎಂದು ಪರಿಷ್ಕಾರಗೊಳ್ಳುತ್ತ ಬಂತು. ಕ್ವಾರ್ಕ್‌ಗಳ ಸಾಲು ಬೇಗ ಗಟ್ಟಿಯಾಯಿತು, ಗ್ಲುವಾನ್‌ಗಳದ್ದು ಬಹುಕಾಲ ಅಂದಾಜಿನಲ್ಲೇ ಉಳಿಯಿತು.

ಗ್ಲುವಾನ್‌ಗಳ ಲೆಕ್ಕಕ್ಕೆ ಸರ್ನ್‌ನ ದೊಡ್ಡ ವೇಗವರ್ಧಕ ಎಲ್‌ಎಚ್‌ಸಿಯೇ ಬೇಕಾಯಿತು. ಅದರ ಸುರಂಗದಲ್ಲಿ 1,232 ದ್ವಿಧ್ರುವ ಅಯಸ್ಕಾಂತಗಳಿವೆ. ಒಂದೊಂದೂ ಸುಮಾರು 15 ಮೀಟರ್ ಉದ್ದ, ಸುಮಾರು 35 ಟನ್ ತೂಕ, ಮೂರು ಜಾಕ್‌ಗಳ ಮೇಲೆ ಕುಳಿತದ್ದು. ಅಷ್ಟು ಭಾರವನ್ನು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಕರಾರುವಾಕ್ಕಾಗಿ ಸರಿಸಬೇಕಿದ್ದ, ಇತರ ಅಯಸ್ಕಾಂತಗಳದ್ದೂ ಸೇರಿ ಸುಮಾರು 7,000 ಜಾಕ್‌ಗಳು ಹೋದದ್ದು ಭಾರತದಿಂದ. ಹೊಣೆ ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರದ್ದು. ತಯಾರಿಸಿದವರಲ್ಲಿ ಬೆಂಗಳೂರಿನ ಅವಸರಾಲ ಆಟೋಮೇಷನ್ ಒಂದು. ಎಲ್‌ಎಚ್‌ಸಿಯ ಆಲಿಸ್ ಪ್ರಯೋಗದ ಮ್ಯುವಾನ್ ಪತ್ತೆಯಂತ್ರಕ್ಕೆ ಕೋಲ್ಕತ್ತದ ಸಾಹಾ ಸಂಸ್ಥೆ ವಿನ್ಯಾಸಗೊಳಿಸಿದ ಮಾನಸ್ ಚಿಪ್ ಹೋಯಿತು. ಎರಡು ಸೀಸದ ನ್ಯೂಕ್ಲಿಯಸ್‌ಗಳು ಪರಸ್ಪರ ಮುಟ್ಟದೆ ಪಕ್ಕದಲ್ಲಿ ಹಾಯ್ದಾಗಲೂ ಒಂದರ ಫೋಟಾನ್ ಇನ್ನೊಂದರ ಗ್ಲುವಾನನ್ನು ತಾಗಿ ಜೆ-ಸೈ ಹುಟ್ಟುತ್ತದೆ. ಆಲಿಸ್ 2013ರಲ್ಲಿ ಪ್ರಕಟಿಸಿದ ಇಂಥ ಅಳತೆಗಳನ್ನು ವಿಶ್ಲೇಷಿಸಿದಾಗ, ಎಕ್ಸ್ ಸಾವಿರದಲ್ಲಿ ಒಂದರ ಸುಮಾರಿಗೆ ಸೀಸದ ಗ್ಲುವಾನ್‌ಗಳು ಬಿಡಿ ಪ್ರೋಟಾನುಗಳ ಲೆಕ್ಕದ ಸುಮಾರು ಶೇ 60ರಷ್ಟೇ ಇರುವುದು ಕಂಡಿತು. ಡಿಕ್ಕಿಯೇ ಆಗದ ಘಟನೆಯಿಂದ ಡಿಕ್ಕಿಯ ಲೆಕ್ಕಕ್ಕೆ ಸಿಕ್ಕ ಅಂಕಿ ಇದು. ಅದೇ ವರ್ಷ ನಡೆದ ಪ್ರೋಟಾನ್-ಸೀಸ ಡಿಕ್ಕಿಗಳಲ್ಲಿ ಹುಟ್ಟಿದ ಡಿ ಮೆಸಾನ್ ಎಂಬ ಕಣಗಳ ಅಳತೆಗಳೂ ಮುಂದೆ ಇದೇ ದಿಕ್ಕನ್ನು ತೋರಿದವು.

2025ರ ಜುಲೈನಲ್ಲಿ ಎಲ್‌ಎಚ್‌ಸಿಯಲ್ಲಿ ಮೊದಲ ಬಾರಿಗೆ ಆಕ್ಸಿಜನ್ ನ್ಯೂಕ್ಲಿಯಸ್‌ಗಳು ಬಡಿದುಕೊಂಡವು. ಆಕ್ಸಿಜನ್‌ಗೆ ಮಹತ್ವ ಬರಲು ಒಂದು ಕಾರಣ ಮತ್ತೆ ವಿಶ್ವಕಿರಣ. ಸಮುದ್ರಮಟ್ಟದಲ್ಲಿ ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 10,000 ಮ್ಯುವಾನ್‌ಗಳು ಬೀಳುತ್ತವೆ, ಬಣಕಲ್‌ನಂಥ ಎತ್ತರದಲ್ಲಿ ಇನ್ನೂ ತುಸು ಹೆಚ್ಚು. ಅವು ಹುಟ್ಟುವುದು ವಿಶ್ವಕಿರಣದ ಪ್ರೋಟಾನುಗಳು ಗಾಳಿಯ ನೈಟ್ರೋಜನ್, ಆಕ್ಸಿಜನ್ ನ್ಯೂಕ್ಲಿಯಸ್‌ಗಳಿಗೆ ಬಡಿದಾಗ. ಅತಿ ಹೆಚ್ಚಿನ ಶಕ್ತಿಯಲ್ಲಿ ಆ ಬಡಿತದಿಂದ ಎಷ್ಟು ಮ್ಯುವಾನ್, ಎಷ್ಟು ನ್ಯೂಟ್ರಿನೋ ಬರಬೇಕೆಂದು ಹೇಳಲು ಆಕ್ಸಿಜನ್ ಒಳಗಿನ ಪಾರ್ಟಾನ್‌ಗಳ ಲೆಕ್ಕವೂ ಬೇಕು. ಆ ಡಿಕ್ಕಿಗಳವರೆಗಿನ ಕೋಷ್ಟಕಗಳಲ್ಲಿ ಆಕ್ಸಿಜನ್‌ನ ಸಾಲನ್ನು ಬಹುತೇಕ ಇಂಗಾಲ, ಕಬ್ಬಿಣ, ಸೀಸದಂಥ ಬೇರೆ ನ್ಯೂಕ್ಲಿಯಸ್‌ಗಳ ಅಳತೆಗಳಿಂದ ಊಹಿಸಿ ತುಂಬಲಾಗಿತ್ತು.