ವಾಹನದ ಬ್ಯಾಟರಿ ಪದೇ ಪದೇ ಖಾಲಿಯಾಗುವುದು: ಕಾರಣ ಪತ್ತೆಹಚ್ಚುವ ಕ್ರಮ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಹೆಚ್.ಡಿ.ಕೋಟೆ ತಾಲ್ಲೂಕುಗಳ ಕೆಎ-45 ಸರಣಿಯ ವಾಹನ ಮಾಲೀಕರ ಮಾಹಿತಿಗಾಗಿ)

1. ಪೀಠಿಕೆ

ಬ್ಯಾಟರಿ ಖಾಲಿಯಾದ ಕೂಡಲೇ ಹೊಸ ಬ್ಯಾಟರಿ ಖರೀದಿಸುವುದು ವಾಡಿಕೆಯಾಗಿದೆ. ದೋಷವು ಬೇರೆಡೆ ಇದ್ದಲ್ಲಿ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತದೆ. ದೋಷವು ಬ್ಯಾಟರಿಯಲ್ಲಿದೆಯೇ, ಚಾರ್ಜಿಂಗ್ ವ್ಯವಸ್ಥೆಯಲ್ಲಿದೆಯೇ ಅಥವಾ ವಾಹನ ನಿಂತಿರುವಾಗ ವಿದ್ಯುತ್ ಸೋರಿಕೆಯಾಗುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಹೆಚ್.ಡಿ.ಕೋಟೆಯಿಂದ ಬಾವಲಿ ಮೂಲಕ ಮಾನಂದವಾಡಿಗೆ ಸಾಗುವ ರಸ್ತೆಯ ನಾಗರಹೊಳೆ ಅರಣ್ಯ ಭಾಗದಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ಅಂತಹ ಹಾದಿಯಲ್ಲಿ ನಿಂತ ವಾಹನ ಮತ್ತೆ ಚಾಲನೆಗೊಳ್ಳದಿದ್ದರೆ ಪ್ರಯಾಣಿಕರು ಅಪಾಯಕ್ಕೆ ಸಿಲುಕುತ್ತಾರೆ.

2. ಮೊದಲು ಕಣ್ಣಿನಿಂದ ಪರಿಶೀಲಿಸಬೇಕಾದ ಅಂಶಗಳು

ಅ) ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು ಕಿಲುಬು, ಸಡಿಲ ಕೇಬಲ್.
ಆ) ಚಾಸಿಗೆ ಜೋಡಿಸಿದ ಅರ್ಥಿಂಗ್ ತಂತಿಯ ತುಕ್ಕು.
ಇ) ಫ್ಯಾನ್ ಬೆಲ್ಟ್‌ನ ಸಡಿಲತೆ.
ಈ) ದ್ರಾವಣದ ಮಟ್ಟ. ಕಡಿಮೆಯಿದ್ದಲ್ಲಿ ಡಿಸ್ಟಿಲ್ಡ್ ನೀರನ್ನು ಮಾತ್ರ ಹಾಕತಕ್ಕದ್ದು. ಕೊಳವೆ ಬಾವಿಯ ನೀರನ್ನಾಗಲಿ ಆಸಿಡ್ ಅನ್ನಾಗಲಿ ಹಾಕಬಾರದು.

3. ಮಲ್ಟಿಮೀಟರ್ ಪರೀಕ್ಷೆ (12 ವೋಲ್ಟ್ ಬ್ಯಾಟರಿ)

ಅ) ಪೂರ್ಣ ಚಾರ್ಜ್ ಮಾಡಿ ರಾತ್ರಿಯಿಡೀ ಬಿಟ್ಟ ಬ್ಯಾಟರಿ: 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಪೂರ್ಣ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಖಾಲಿ. ಕೇಬಲ್ ಬಿಚ್ಚಿಟ್ಟಿದ್ದರೂ ವೋಲ್ಟೇಜ್ ಇಳಿದರೆ ದೋಷ ಬ್ಯಾಟರಿಯಲ್ಲಿಯೇ ಇದೆ.
ಆ) ಸೆಲ್ಫ್ ಹೊಡೆಯುವಾಗ: 9.6 ವೋಲ್ಟ್‌ಗಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲವಾಗಿರುವ ಸಂಭವ ಹೆಚ್ಚು.
ಇ) ಎಂಜಿನ್ ಓಡುತ್ತಿರುವಾಗ: ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಇದಕ್ಕಿಂತ ಬಹಳ ಕಡಿಮೆಯಿದ್ದಲ್ಲಿ ಬೆಲ್ಟ್, ಆಲ್ಟರ್ನೇಟರ್ ಹಾಗೂ ವೈರಿಂಗ್ ಪರಿಶೀಲಿಸತಕ್ಕದ್ದು. 15 ದಾಟಿದಲ್ಲಿ ರೆಗ್ಯುಲೇಟರ್ ದೋಷವಿದ್ದು, ದ್ರಾವಣವು ಬೇಗ ಇಂಗುತ್ತದೆ.

ಬಸ್ಸು, ಲಾರಿಗಳಲ್ಲಿ ಎರಡು ಬ್ಯಾಟರಿಗಳಿಂದ 24 ವೋಲ್ಟ್ ಪಡೆಯುವುದರಿಂದ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಅಳೆಯತಕ್ಕದ್ದು. ಒಂದು ದುರ್ಬಲವಾದರೆ ಇನ್ನೊಂದೂ ಹಾಳಾಗುತ್ತದೆ.

4. ಸೋರಿಕೆ ಪರೀಕ್ಷೆ

ಮೇಲಿನ ಅಳತೆಗಳು ಸರಿಯಿದ್ದೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದಿದ್ದರೆ ಸೋರಿಕೆಯನ್ನು ಶಂಕಿಸಬೇಕು. ಎಂಜಿನ್ ಆರಿಸಿ, ದೀಪಗಳನ್ನು ನಂದಿಸಿ, ಕೀಲಿ ತೆಗೆದು, ಋಣ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಟರ್ಮಿನಲ್ ನಡುವೆ 10 ಆಂಪಿಯರ್ ವ್ಯಾಪ್ತಿಯಲ್ಲಿ ಮೀಟರ್ ಜೋಡಿಸತಕ್ಕದ್ದು. ಈ ವೇಳೆ ಸೆಲ್ಫ್ ಹೊಡೆಯಬಾರದು, ಮೀಟರ್ ಸುಟ್ಟುಹೋಗುತ್ತದೆ. ಹೊಸ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಘಟಕಗಳು ವಿಶ್ರಾಂತಿಗೆ ಜಾರಲು ಅರ್ಧ ಗಂಟೆ ಕಾಯಬೇಕು.

50 ಮಿಲಿ ಆಂಪಿಯರ್‌ವರೆಗಿನ ಬಳಕೆ ಸಾಮಾನ್ಯ. ಆದರೆ ಇಷ್ಟು ಬಳಕೆಯಿಂದಲೂ 60 ಆಂಪಿಯರ್-ಗಂಟೆಯ ಬ್ಯಾಟರಿ 25 ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. 500 ಮಿಲಿ ಆಂಪಿಯರ್ ಸೋರುತ್ತಿದ್ದರೆ ಅಷ್ಟೇ ವಿದ್ಯುತ್ ಎರಡೂವರೆ ದಿನಗಳಲ್ಲಿ ನಷ್ಟವಾಗುತ್ತದೆ. ಬಳಕೆ ಹೆಚ್ಚಿದ್ದಲ್ಲಿ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯತಕ್ಕದ್ದು. ಯಾವ ಫ್ಯೂಸ್ ತೆಗೆದಾಗ ಅಳತೆ ಇಳಿಯುವುದೋ ಆ ಸಾಲಿನಲ್ಲಿ ದೋಷವಿದೆ. ಯಾವುದರಿಂದಲೂ ಇಳಿಯದಿದ್ದರೆ ಆಲ್ಟರ್ನೇಟರ್‌ನ ಡಯೋಡ್ ಹಾಗೂ ಫ್ಯೂಸ್ ಇಲ್ಲದೆ ನೇರವಾಗಿ ಜೋಡಿಸಿದ ಹಾಡಿನ ಸೆಟ್, ಹೆಚ್ಚುವರಿ ದೀಪ, ಹಾರ್ನ್ ಮುಂತಾದವುಗಳನ್ನು ಪರಿಶೀಲಿಸತಕ್ಕದ್ದು.

5. ವಿಶೇಷ ಸೂಚನೆಗಳು

ಅ) ಬೆಳೆ ಹಂಗಾಮುಗಳ ನಡುವೆ ವಾರಗಟ್ಟಲೆ ನಿಲ್ಲುವ ಟ್ರ್ಯಾಕ್ಟರುಗಳ ಋಣ ಕೇಬಲ್ ಬಿಚ್ಚಿಡುವುದು ಹಾಗೂ ತಿಂಗಳಿಗೊಮ್ಮೆ ಬ್ಯಾಟರಿ ಚಾರ್ಜ್ ಮಾಡುವುದು ಸೂಕ್ತ.
ಆ) ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 125-ಹೆಚ್ ಅನ್ವಯ ಸಾರ್ವಜನಿಕ ಸೇವಾ ವಾಹನಗಳಿಗೆ ಅಳವಡಿಸಿದ ಸ್ಥಳ ಪತ್ತೆ ಸಾಧನವು ವಾಹನ ನಿಂತಿರುವಾಗಲೂ ಅಲ್ಪ ವಿದ್ಯುತ್ ಬಳಸುತ್ತದೆ. ಬ್ಯಾಟರಿ ಉಳಿಸುವ ಸಲುವಾಗಿ ಅದರ ಸಂಪರ್ಕ ಕಡಿತಗೊಳಿಸಬಾರದು, ಅಳವಡಿಸಿದವರಿಂದಲೇ ಪರಿಶೀಲಿಸಿಕೊಳ್ಳತಕ್ಕದ್ದು.
ಇ) ಅರ್ಹತಾ ಪತ್ರದ ಪರೀಕ್ಷೆಗೆ ವಾಹನ ತರುವ ಮುನ್ನ ದೀಪ, ಸಿಗ್ನಲ್, ಹಾರ್ನ್ ಮತ್ತು ವೈಪರ್ ಕಾರ್ಯನಿರ್ವಹಣೆಯನ್ನು ನೋಡಿಕೊಳ್ಳತಕ್ಕದ್ದು.

6. ಸುರಕ್ಷತೆ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುವುದರಿಂದ ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಹಚ್ಚಬಾರದು. ಕೇಬಲ್ ಬಿಚ್ಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಅದು ಕೊನೆಗೆ. ಆಸಿಡ್ ಮೈಮೇಲೆ ಬಿದ್ದಲ್ಲಿ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಸಿಡಿದಲ್ಲಿ ತೊಳೆದ ಕೂಡಲೇ ವೈದ್ಯರನ್ನು ಕಾಣಬೇಕು.

7. ಹಳೆಯ ಬ್ಯಾಟರಿ ವಿಲೇವಾರಿ

ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಹಳೆಯ ಬ್ಯಾಟರಿಯನ್ನು ಇತರೆ ಕಸದೊಂದಿಗೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೆ ನೀಡತಕ್ಕದ್ದು. ಸೀಸ ಮತ್ತು ಆಸಿಡ್ ಇರುವುದರಿಂದ ಮನೆಯಲ್ಲಿ ಒಡೆಯುವುದಾಗಲಿ, ಹೊಲ ಅಥವಾ ಕೆರೆಯಂಗಳದಲ್ಲಿ ಎಸೆಯುವುದಾಗಲಿ ಕೂಡದು. ಹೊಸ ಬ್ಯಾಟರಿಯ ರಸೀದಿ ಹಾಗೂ ದಿನಾಂಕ ನಮೂದಿಸಿದ ವಾರಂಟಿ ಚೀಟಿಯನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ. ವಾರಂಟಿ ಸಂಬಂಧಿತ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಅನ್ನು ಸಂಪರ್ಕಿಸಬಹುದಾಗಿದೆ.