ಒಂದೇ ತೋಟಾ, ಎರಡು ಕೋವಿ

ಮೂರು ದಿನದಿಂದ ಜಡಿಮಳೆ, ಗದ್ದೆಗೆ ಕಾಲಿಡೋ ಹಾಗಿಲ್ಲ. ಹಾಗಾಗಿ ಇವತ್ತು ಬೆಳೆ ವಿಷಯ ಬಿಟ್ಟು ಹಳೇ ಕಥೆ ಒಂದು.

ಮೊನ್ನೆ ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಮಾತು ಬಂದಾಗ ಹುಡುಗನೊಬ್ಬ ಕೇಳಿದ: "ಅಣ್ಣಾ, ಪಿಸ್ತೂಲಿನ ತೋಟಾ ಹಾಕೋ ಗಿಡ್ಡ ರೈಫಲ್ ಬರುತ್ತಂತೆ. ಅದು ಒಳ್ಳೇದಾ, ದೊಡ್ಡ ತೋಟಾದ್ದು ಒಳ್ಳೇದಾ?" ಈ ಪ್ರಶ್ನೆಗೆ ನೂರೈವತ್ತು ವರ್ಷ ವಯಸ್ಸು ಕಣಪ್ಪಾ ಅಂದೆ. ಅಮೆರಿಕದ ಪಶ್ಚಿಮ ಸೀಮೆಯ ದನಗಾಹಿಗಳು, ರೈತರು ಇದೇ ಲೆಕ್ಕ ಹಾಕಿದ್ರು.

1873ರಲ್ಲಿ ವಿಂಚೆಸ್ಟರ್ ಕಂಪನಿ ಹೊಸ ರೈಫಲ್ ತಂತು. ಅದರ ತೋಟಾ ಹೆಸರು .44-40. ಮೊದಲ ಅಂಕಿ ಗುಂಡಿನ ಅಗಲ, ಎರಡನೇದು 40 ಗ್ರೇನ್ ಕರಿಮದ್ದು, ಅಂದ್ರೆ ಸುಮಾರು 2.6 ಗ್ರಾಂ. ಗುಂಡು 13 ಗ್ರಾಂ. ಇದರದ್ದೇ 20 ಇಂಚು ನಳಿಗೆಯ ಗಿಡ್ಡ ಕೋವಿಗೆ ಕಾರ್ಬೈನ್ ಅಂತಾರೆ. ಕುದುರೆ ಜೀನಿಗೆ ಸಿಕ್ಕಿಸಿಕೊಳ್ಳೋಕೆ ಸಲೀಸು.

ಅದೇ ವರ್ಷ ಬಂದ ಕೋಲ್ಟ್ ರಿವಾಲ್ವರಿನ ತೋಟಾ ಬೇರೆ ಇತ್ತು. ಸೊಂಟದ ಪಟ್ಟಿಯಲ್ಲಿ ಎರಡು ಜಾತಿ ತೋಟಾ ಇಟ್ಟುಕೊಂಡು, ಕತ್ತಲಲ್ಲಿ ಯಾವುದು ಯಾವುದಕ್ಕೆ ಅಂತ ತಡಕಾಡಬೇಕು. 1870ರ ದಶಕದ ಕೊನೆಗೆ ಕೋಲ್ಟ್ ಕಂಪನಿಯೂ .44-40 ಹಾಕೋ ರಿವಾಲ್ವರ್ ತಂತು. ಟಿಲ್ಲರಿಗೂ ಪಂಪ್‌ಸೆಟ್ಟಿಗೂ ಒಂದೇ ಡೀಸೆಲ್ ಕ್ಯಾನ್ ಸಾಕಾದ ಹಾಗೆ ಆಯ್ತು. ಪೇಟೆ ದೂರ ಇರೋ ಕಡೆ ಇದು ಸಣ್ಣ ಅನುಕೂಲ ಅಲ್ಲ.

ಆದ್ರೆ ಈ ಗುಂಡಿನ ವೇಗ ಸೆಕೆಂಡಿಗೆ ಸುಮಾರು 400 ಮೀಟರ್ ಅಷ್ಟೇ. ನೂರು ಗಜದೊಳಗೆ ಕೆಲಸ ಮಾಡುತ್ತೆ, ಅದರಾಚೆ ಬೇಗ ಕೆಳಗೆ ಇಳಿಯುತ್ತೆ. ದೊಡ್ಡ ಕರಡಿಗೆ ಸಾಲದು. ಸೈನ್ಯದವರು ಅದೇ 1873ರಲ್ಲಿ .45-70 ಆರಿಸಿಕೊಂಡಿದ್ರು, ಗುಂಡು 26 ಗ್ರಾಂ, ಎರಡರಷ್ಟು. ಅದಕ್ಕೂ ಬೆಲೆ ಇತ್ತು. ಹಗುರ ಕಾರ್ಬೈನಿನಲ್ಲಿ ಹೊಡೆದ್ರೆ ಹೆಗಲಿಗೆ ಒದೆತ ಜಾಸ್ತಿ. ಹಾಗಾಗಿ ಕುದುರೆ ಸವಾರರಿಗೆ 70ರ ಬದಲು 55 ಗ್ರೇನ್ ಮದ್ದಿನ ತೋಟಾ ಮಾಡಿಕೊಟ್ರು. ಕೋವಿ ಗಿಡ್ಡ ಮಾಡಿದ್ರೆ ತೋಟಾನೂ ಇಳಿಸಬೇಕಾಯ್ತು.

1873ರ ವಿಂಚೆಸ್ಟರಿಗೇ ದೊಡ್ಡ ತೋಟಾ ಹಾಕೋಣ ಅಂದ್ರೆ ಅದರ ಯಂತ್ರ ಚಿಕ್ಕದು, ಅಷ್ಟು ಗಟ್ಟಿಯೂ ಅಲ್ಲ. ಜಾನ್ ಬ್ರೌನಿಂಗ್ ಅನ್ನೋ ಕುಶಲಿ ರೂಪಿಸಿದ 1886ರ ಮಾದರಿ .45-70 ತಡೀತಿತ್ತು, ಆದ್ರೆ ಭಾರ. ಅವನೇ ಆ ಯಂತ್ರವನ್ನು ಕಿರಿದು ಮಾಡಿ 1892ರಲ್ಲಿ ಮತ್ತೆ ಪಿಸ್ತೂಲ್ ತೋಟಾಗಳಿಗೆ ಹೊಂದಿಸಿದ. ಅದು ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಯ್ತು.

ಆಟ ಬದಲಾಗಿದ್ದು 1895ರಲ್ಲಿ. ಬ್ರೌನಿಂಗ್‌ನ 1894ರ ಮಾದರಿಗೆ ಹೊಗೆ ಇಲ್ಲದ ಹೊಸ ಮದ್ದಿನ .30-30 ತೋಟಾ ಬಂತು. ಗುಂಡು ಬರೀ ಹತ್ತು ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ಹಗುರ ಕಾರ್ಬೈನಿಗೆ ರೈಫಲ್ ಬಲ ಬಂತು. ಆ ಮಾದರಿ 70 ಲಕ್ಷ ದಾಟಿತು. ಹಾಗಂತ 1892ರದ್ದು ಸಾಯಲಿಲ್ಲ, ಇನ್ನೂ ದಶಕಗಟ್ಟಲೆ ಮಾರಾಟ ಆಯ್ತು. ಹಿತ್ತಲ ಕೆಲಸ ಇದ್ದೋರು ಅದನ್ನೇ ಕೊಂಡ್ರು, ಬೆಟ್ಟದ ಜಿಂಕೆ ಹೊಡೆಯೋರು .30-30 ಕೊಂಡ್ರು.

ಈಗ ನಾನು ಹೇಳಬೇಕಾದ ಮುಖ್ಯ ಮಾತು. 1892ರ ಯಂತ್ರ ಗಟ್ಟಿ ಇದ್ದದ್ದಕ್ಕೆ, ಮುಂದೆ ಅದಕ್ಕಂತಲೇ ಜಾಸ್ತಿ ಒತ್ತಡದ .44-40 ತೋಟಾ ಮಾಡಿದ್ರು. ಹೆಸರು ಅದೇ, ಅಳತೆ ಅದೇ. 1873ರ ಹಳೇ ಕೋವಿಗೂ ರಿವಾಲ್ವರಿಗೂ ಸಲೀಸಾಗಿ ಹೋಗುತ್ತೆ. ಹೊಡೆದ್ರೆ ಕೋವಿಗೂ ಕೈಗೂ ಅಪಾಯ. ರಿವಾಲ್ವರಿಗೆ ಹಾಕಬೇಡಿ ಅಂತ ಡಬ್ಬಿ ಮೇಲೆ ಅಚ್ಚು ಹಾಕಬೇಕಾಯ್ತು. ಒಂದೇ ತೋಟಾ ಅನ್ನೋ ಅನುಕೂಲವೇ ಅಪಾಯ ಆಗಿ ತಿರುಗಿತ್ತು.

ನಮ್ಮಲ್ಲಿ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಕಾನೂನೇ ಕೊಟ್ಟಿದೆ. 9 ಮಿ.ಮೀ. ಪಿಸ್ತೂಲ್ ತೋಟಾ, .303 ರೈಫಲ್ ತೋಟಾ ಎರಡೂ ನಿಷೇಧಿತ ಬೋರ್. .315 ರೈಫಲ್, 12 ಬೋರ್ ಲೈಸೆನ್ಸಿಗೆ ಸಿಗುತ್ತೆ. ಲೈಸೆನ್ಸ್ ಇದ್ರೂ ಕಾಡುಪ್ರಾಣಿ ಹೊಡೆಯೋಕೆ ಬೇರೆ ಅನುಮತಿ ಬೇಕು, ಮರೀಬೇಡಿ.

ಆದ್ರೆ ಆ ಹಳೇ ಅಪಾಯ ನಮ್ಮ ಅಟ್ಟದ ಮೇಲೂ ಇದೆ. ತಾತನ ಕಾಲದ ಎಷ್ಟೋ 12 ಬೋರ್ ಕೋವಿಗಳ ಗೂಡು 65 ಮಿ.ಮೀ. ಈಗ ಅಂಗಡಿಯಲ್ಲಿ ಸಿಗೋ ತೋಟಾ ಸಾಮಾನ್ಯವಾಗಿ 70 ಮಿ.ಮೀ. ಆ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನದ್ದು. ಹಾಕುವಾಗ ಮಡಚಿ ಗಿಡ್ಡ ಇರೋದ್ರಿಂದ ಹಳೇ ಗೂಡಿಗೂ ಹೋಗುತ್ತೆ. ಹೊಡೆದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಹಿಡಿಸಿತು ಅಂದ್ರೆ ಹೊಂದಿತು ಅಂತಲ್ಲ. ಮಳೆ ಬಿಟ್ಟ ಮೇಲೆ ಕೋವಿ ರಿಪೇರಿ ಗೊತ್ತಿರೋ ಲೈಸೆನ್ಸುದಾರರ ಹತ್ರ ತಗೊಂಡು ಹೋಗಿ ಗೂಡು ಅಳೆಸಿ. ಅಲ್ಲೀವರೆಗೂ ಆ ಕೋವಿ ಅಟ್ಟದ ಮೇಲೇ ಇರಲಿ.