ಕುಟುಂಬ ಯೋಜನೆಯಲ್ಲಿ ಪುರುಷನ ಪಾಲು: ಚಿಕ್ಕೋಡಿ ಸೀಮೆಯ ದೃಷ್ಟಿಯಿಂದ ಒಂದು ಚಾರಿತ್ರಿಕ ವಿಚಾರ

ಸಂತತಿ ನಿಯಂತ್ರಣದ ಚರಿತ್ರೆಯನ್ನು ಬರೆಯುವವರು, ಕನ್ನಡ ನಾಡಿನ ಮಟ್ಟಿಗೆ, ಮೈಸೂರು ಸರ್ಕಾರದ 1930ರ ಆಜ್ಞೆಯಿಂದ ಆರಂಭಿಸುವುದು ವಾಡಿಕೆ. ಸರ್ಕಾರವೊಂದು ತಾನಾಗಿಯೇ ಇಂಥ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತುದು ಆ ಕಾಲಕ್ಕೆ ಅಪೂರ್ವ ಸಂಗತಿ, ಹೆಮ್ಮೆಪಡತಕ್ಕುದೇ ಸರಿ. ಆದರೆ ಈ ಹೆಮ್ಮೆ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿಗೆ ಸಲ್ಲುವುದಿಲ್ಲ. ಚಿಕ್ಕೋಡಿ, ಅಥಣಿಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ರಾಯಬಾಗವು ಕೊಲ್ಹಾಪುರ ಸಂಸ್ಥಾನದ್ದು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲ್ಲೂಕುಗಳಾದುದು ತೀರ ಈಚೆಗೆ. ಈ ಸೀಮೆ ಮೈಸೂರು ರಾಜ್ಯವನ್ನು ಸೇರಿದುದು 1956ರ ನವೆಂಬರ್ 1ರಂದು.

ಆದುದರಿಂದ ಇಲ್ಲಿಯ ಪೂರ್ವಚರಿತ್ರೆಯನ್ನು ಮುಂಬಯಿಯಲ್ಲಿ ಅರಸಬೇಕು. ರಘುನಾಥ ಧೋಂಡೋ ಕರ್ವೆಯವರು ಅಲ್ಲಿ 1921ರಲ್ಲಿ ಚಿಕಿತ್ಸಾಲಯವನ್ನು ತೆರೆದು, 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕವನ್ನು ನಡೆಸಿದರು. ದಾಂಪತ್ಯದಲ್ಲಿ ಹೆಣ್ಣಿನ ಇಚ್ಛೆಯನ್ನೂ ಲೆಕ್ಕಕ್ಕೆ ಹಿಡಿದು ಬರೆದ ಅವರು ಕೋರ್ಟಿನ ಕಟ್ಟೆಯನ್ನೂ ಹತ್ತಬೇಕಾಯಿತು.

1952ರಲ್ಲಿ ಕೇಂದ್ರ ಸರ್ಕಾರದ ಕಾರ್ಯಕ್ರಮವು ಆರಂಭವಾಯಿತು. ಗಂಡಸು ಇದಕ್ಕೆ ಎಂದೂ ಒಪ್ಪಿದವನಲ್ಲ ಎಂಬ ಮಾತು ಇಂದು ರೂಢಿಯಾಗಿದೆ. ಅಂಕಿಗಳು ಬೇರೆಯನ್ನೇ ಹೇಳುತ್ತವೆ. 1967-68ರಲ್ಲಿ ದೇಶದಲ್ಲಿ ನಡೆದ ಸುಮಾರು 18 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಲ್ಲಿ 16 ಲಕ್ಷಕ್ಕೂ ಮಿಕ್ಕಿದವು ಪುರುಷರವು. 'ನಿರೋಧ್' ಅಗ್ಗದ ಬೆಲೆಗೆ ಅಂಗಡಿಗಳಿಗೆ ಬಂದುದೂ 1968ರಲ್ಲಿಯೇ. ಹಣದ ಆಮಿಷವೂ ಇದ್ದಿತೆಂಬುದನ್ನು ಮರೆಯಬಾರದು. ಆದರೂ ಪುರುಷನು ಆಗ ಈ ಯೋಜನೆಯ ಹೊರಗಿರಲಿಲ್ಲ.

ಅವನನ್ನು ಹೊರಗೆ ಅಟ್ಟಿದುದು ತುರ್ತು ಪರಿಸ್ಥಿತಿ. 1976-77ರಲ್ಲಿ 82 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದುವು. ಅವುಗಳಲ್ಲಿ 62 ಲಕ್ಷದಷ್ಟು ಪುರುಷರವು. ಗುರಿಯ ಸಂಖ್ಯೆಯನ್ನು ಮುಟ್ಟಿಸಲು ಬಲಾತ್ಕಾರವೂ ನಡೆಯಿತು. ಮರುವರ್ಷ ಪುರುಷರ ಸಂಖ್ಯೆ 2 ಲಕ್ಷಕ್ಕೂ ಕೆಳಗಿಳಿಯಿತು. ಮುಂದಿನ ಸರ್ಕಾರಗಳು ಪುರುಷನ ಕೋಪಕ್ಕೆ ಅಂಜಿದುವು. ಸಂಖ್ಯೆಯ ಆಸೆಯನ್ನು ಮಾತ್ರ ಬಿಡಲಿಲ್ಲ. ಭಾರ ಹೆಂಗಸಿನ ಮೇಲೆ ಬಿತ್ತು. ಉದರದರ್ಶಕದ ಶಸ್ತ್ರಚಿಕಿತ್ಸಾ ಶಿಬಿರಗಳು, ಹೆರಿಗೆಯೊಡನೆಯೇ ಮುಗಿಯುವ ಶಸ್ತ್ರಕ್ರಿಯೆ, ಇವು ಅದಕ್ಕೆ ಅನುಕೂಲವಾದುವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ದಂಪತಿಗಳಲ್ಲಿ ಶೇ. 57ರಷ್ಟು ಮಂದಿ ಸ್ತ್ರೀಯ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿದ್ದಾರೆ. ಪುರುಷರ ಪ್ರಮಾಣ ಲೆಕ್ಕಕ್ಕೆ ಬಾರದಷ್ಟು.

ಈ ಹಂಚಿಕೆಯ ಅರ್ಥವನ್ನು ನಿಪ್ಪಾಣಿಯಲ್ಲಿ ಚೆನ್ನಾಗಿ ಕಾಣಬಹುದು. ತಂಬಾಕಿನ ವಖಾರಗಳಲ್ಲಿ ಧೂಳಿನ ನಡುವೆ ದುಡಿದವರು, ಬೀಡಿ ಕಟ್ಟಿದವರು ಬಹುಪಾಲು ಹೆಂಗಸರು. ಅವರ ಸಂಘಟನೆಯನ್ನು ಕುರಿತು ಛಾಯಾ ದಾತಾರ್ ಅವರ 1989ರ ಅಧ್ಯಯನವೇ ಇದೆ. ಎಣಿಕೆಯ ಮೇಲೆ ಕೂಲಿ ಪಡೆಯುವವಳು ಶಸ್ತ್ರಚಿಕಿತ್ಸೆಯ ಅನಂತರ ಮಲಗಿದಷ್ಟು ದಿನವೂ ಮನೆಗೆ ಕೂಲಿ ಖೋತಾ. ಪುರುಷನದು ಹೊಟ್ಟೆಯನ್ನು ಕೊಯ್ಯದ ಕೆಲಸ. ಚೀನದಲ್ಲಿ 1974ರಲ್ಲಿ ರೂಪುಗೊಂಡು, 1990ರ ದಶಕದಲ್ಲಿ ಭಾರತಕ್ಕೆ ಬಂದ ವಿಧಾನಕ್ಕಂತೂ ಕತ್ತಿಯೂ ಬೇಡ, ಹೊಲಿಗೆಯೂ ಬೇಡ. ಆದರೂ ಕಸುವು ಕುಂದೀತೆಂಬ ಭಯ ಹೋಗಿಲ್ಲ.

ಭಯವೊಂದನ್ನೇ ದೂರಿದರೆ ಸಾಲದು. ಚಿಕಿತ್ಸೆಯ ಫಲ ನಿಶ್ಚಿತವಾಗಲು ಸುಮಾರು ಮೂರು ತಿಂಗಳು ಬೇಕು. ಅಷ್ಟುಕಾಲ ಬೇರೆ ಉಪಾಯವನ್ನು ಬಳಸಿ, ಕೊನೆಗೆ ವೀರ್ಯಪರೀಕ್ಷೆಗೆ ಮರಳಿ ಬರಬೇಕು. ಇದನ್ನು ಗಂಡಸಿಗೆ ವಿವರಿಸುವವರು ಯಾರು? ಹಳ್ಳಿಯಲ್ಲಿ ಈ ವಿಷಯವನ್ನು ಎತ್ತುವ ಆಶಾ ಕಾರ್ಯಕರ್ತೆ ಹೆಂಗಸು. ಪುರುಷ ಆರೋಗ್ಯ ಸಹಾಯಕನ ದಿನಚರಿ ಬಹುತೇಕ ಮಲೇರಿಯಾದಂಥ ರೋಗಗಳ ಹತೋಟಿಗೆ ಮೀಸಲು. ಗಂಡನಿಗೆ ತಲುಪಬೇಕಾದ ಮಾತು ಹೆಂಡತಿಯ ಬಾಯಿಂದಲೇ ತಲುಪಬೇಕಾಗಿದೆ.